ಸಿಗ್ನಲ್ ಇಲ್ಲದ ಸೇಬು

ನಾಲ್ಕು ವರ್ಷ ಹಳೆಯ ಫೋನನ್ನು ಈಗ ಕೊಂಡರೆ ಲಾಭವೋ ನಷ್ಟವೋ ಎಂಬ ಪ್ರಶ್ನೆ ಆ ವರ್ಷ ರಂಜಾನ್ ತಿಂಗಳ ಜೊತೆಗೇ ಪಲುಪಿಯ ಮನೆಗೆ ಬಂದು ಚಾಪೆ ಹಾಸಿಕೊಂಡು ಕೂತಿತು. ತಂದವನು ಗಂಡ ಸುಗೆಂಗ್. ಸುರಬಾಯಾದ ಆ ಗಲ್ಲಿಯಲ್ಲಿ ಹಾಡುವ ಹಕ್ಕಿ ಸಾಕಿ ಪಂದ್ಯಕ್ಕೆ ಒಯ್ಯುವ ಗಂಡಸರು ಬೇಕಾದಷ್ಟಿದ್ದರು, ಸುಗೆಂಗನೂ ಅವರಲ್ಲೊಬ್ಬ. ಆದರೆ ಈಚೆಗೆ ಹಕ್ಕಿಯ ಹುಚ್ಚನ್ನೂ ಮೀರಿಸಿ ಅವನಿಗೆ ಹತ್ತಿದ್ದು ಫೋನುಗಳ ಗುಣಾವಗುಣ ಹೇಳುವ ವಿಡಿಯೋಗಳ ಹುಚ್ಚು. 'ಈ ಮಾಡೆಲ್ ಈ ವರ್ಷವೂ ಕೊಳ್ಳೋದಕ್ಕೆ ಲಾಯಕ್ಕಾ?' ಎಂದು ಯಾವನೋ ಹುಡುಗ ಪರದೆಯೊಳಗಿಂದ ಕಣ್ಣರಳಿಸಿ ಕೇಳಿದರೆ, ಇವನು ತಟ್ಟೆಯಲ್ಲಿನ ಅನ್ನ ಮರೆತು, "ಲಾಯಕ್ಕು ಕಣೋ, ಯಾಕಲ್ಲ!" ಎಂದು ಜವಾಬು ಕೊಡುತ್ತಿದ್ದ. ಕೊಳ್ಳುವವನು ಲಾಯಕ್ಕೋ ಅಲ್ಲವೋ ಎಂದು ಮಾತ್ರ ಯಾವ ಹುಡುಗನೂ ಕೇಳಿರಲಿಲ್ಲ.

ಮಕ್ಕಳ ತಾಯಿಯಾದ ಪಲುಪಿಗೆ ಸಂಪಾದನೆಗೆಂದು ಇದ್ದದ್ದು ಒಂದು ಓವನ್ನು, ಒಂದು ಹೆಸರು, ಅಷ್ಟೇ. ಹಬ್ಬಕ್ಕೆಂದು ಅನಾನಸ್ ಹೂರಣದ ನಸ್ತಾರ್ ಬಿಸ್ಕತ್ತು ಮಾಡಿ ಮಾರುವ ಹೆಂಗಸರು ಊರಲ್ಲಿ ಬೀದಿಗೆ ಹತ್ತು ಮಂದಿ. ಅವರಲ್ಲಿ ಮುಕ್ಕಾಲು ಪಾಲು ಡಬ್ಬಿಯ ಮೇಲೆ 'ಅಪ್ಪಟ ಬೆಣ್ಣೆ' ಎಂದು ಬಂಗಾರದ ಅಕ್ಷರದಲ್ಲಿ ಅಚ್ಚು ಹಾಕಿಸಿ, ಒಳಗೆ ಅಗ್ಗದ ಮಾರ್ಗರಿನ್ ಕಲಸುವವರು. ಹೊರಗೆ ಥಳುಕು, ಒಳಗೆ ಹುಳುಕು. ಪಲುಪಿಯ ಕೈಯಲ್ಲಿ ಮಾತ್ರ ಬೆಣ್ಣೆ ಅಂದರೆ ಬೆಣ್ಣೆ. ತಗಡಿನ ಡಬ್ಬಿಯಲ್ಲಿ ಬರುವ ಹಳದಿ ಬೆಣ್ಣೆಯನ್ನೇ ತಂದು, ಲಾಭ ಎಷ್ಟೇ ಬಡಕಲಾದರೂ ಸರಿ, ಅದನ್ನೇ ಹಾಕುತ್ತಿದ್ದಳು. 'ಬೆಣ್ಣೆ ಪಲುಪಿ' ಎಂದರೆ ಗಲ್ಲಿಯ ಮಕ್ಕಳೂ ಮನೆ ತೋರಿಸುತ್ತಿದ್ದರು.

ಈ ಹೆಸರು ಈ ಸಲ ದೊಡ್ಡ ಬಾಗಿಲಿನ ತನಕ ಹೋಗಿತ್ತು. ಹೈಸ್ಕೂಲಿನಲ್ಲಿ ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದ ಹರ್ಜಂತಿ ಈಗ ದೊಡ್ಡ ಕಂತ್ರಾಟುದಾರನ ಹೆಂಡತಿ. ಪ್ರತಿ ಹಬ್ಬಕ್ಕೂ ಗಂಡನ ಕಂಪನಿಯಿಂದ ನೌಕರರಿಗೆ, ಕಚೇರಿ ಸಾಹೇಬರಿಗೆ ಬಿಸ್ಕತ್ತಿನ ಪೆಟ್ಟಿಗೆ ಹಂಚುವುದು ಅವಳ ಕಾರುಬಾರು. ಹೋದ ವರ್ಷ ಪೆಟ್ಟಿಗೆ ಮಾಡಿಕೊಟ್ಟವಳು ಬೆಣ್ಣೆಯ ಹೆಸರಲ್ಲಿ ಮಾರ್ಗರಿನ್ ತಿನ್ನಿಸಿ ಸಿಕ್ಕಿಬಿದ್ದಿದ್ದಳು. ಹಾಗಾಗಿ ಈ ಸಲ ಹಳೆಯ ಸಹಪಾಠಿಗಳೆಲ್ಲ ಸೇರುವ ಇಫ್ತಾರ್ ಕೂಟದಲ್ಲೇ ಹೊಸಬರನ್ನು ಗೊತ್ತುಮಾಡುವುದಾಗಿ ಹೇಳಿಕಳಿಸಿದ್ದಳು, ಪಲುಪಿಗೆ ಒಂದು ಡಬ್ಬಿ ಮಾದರಿ ತರಲೂ ಹೇಳಿದ್ದಳು. ಆ ಆರ್ಡರು ಸಿಕ್ಕರೆ ಪಲುಪಿಯ ಓವನ್ನು ವರ್ಷವಿಡೀ ಬಿಸಿಯಾಗಿರುತ್ತಿತ್ತು. ಸಿಗದಿದ್ದರೆ ಹಬ್ಬ ಮುಗಿದ ಮೇಲೆ ಅವಳು ಮತ್ತೆ ಅಕ್ಕನ ಗಾರ್ಮೆಂಟ್ ಷೆಡ್ಡಿಗೆ ಗುಂಡಿ ಹೊಲಿಯಲು ಹೋಗಬೇಕಿತ್ತು.

"ಆ ಒಡಕಲು ಗಾಜಿನ ಫೋನ್ ಹಿಡ್ಕೊಂಡು ಅಲ್ಲಿಗೆ ಹೋಗ್ತೀಯಾ?" ಎಂದ ಸುಗೆಂಗ್. "ಅದನ್ನ ನೋಡಿ ಹರ್ಜಂತಿ ಆರ್ಡರ್ ಕೊಡ್ತಾಳಾ? ಭಿಕ್ಷೆ ಕೊಡ್ತಾಳೆ!"

"ನಾನೇನು ಬಿಸ್ಕತ್ತನ್ನ ಫೋನಲ್ಲಿ ಬೇಯಿಸ್ತೀನಾ, ಮಾಸ್?" ಎಂದಳು ಪಲುಪಿ. ಅಲ್ಲಿನ ಹೆಂಡತಿಯರಂತೆ ಅವಳೂ ಗಂಡನನ್ನು ಕರೆಯುವುದು ಹಾಗೆಯೇ, ಬೈಯುವಾಗಲೂ.

"ಜನ ಮೊದಲು ನೋಡೋದು ಕೈಯಲ್ಲೇನಿದೆ ಅಂತ, ಬಾಯಿಗೆ ಹಾಕ್ಕೊಳ್ಳೋದು ಆಮೇಲೆ. ನಾಲ್ಕು ವರ್ಷ ಹಿಂದಿನ ಸೇಬಿನ ಫೋನು ನೋಡಿಟ್ಟಿದೀನಿ. ಕ್ಯಾಮೆರಾ ಅಂದ್ರೆ ಕ್ಯಾಮೆರಾ! ಇವತ್ತಿಗೂ ಅದರ ಮುಂದೆ ಹೊಸ ಫೋನುಗಳು ನೀರು ಹೊರಬೇಕು."

"ದುಡ್ಡೆಲ್ಲಿದೆ?"

ಸುಗೆಂಗ್ ಸೂರಿನಲ್ಲಿ ತೂಗುಬಿದ್ದ ಪಂಜರದ ಕಡೆ ನೋಡಿದ. ಆ ಹಕ್ಕಿಗೆ ಅವನು ತನ್ನ ಕೈಯಾರೆ ಮಿಡತೆ ತಿನ್ನಿಸುತ್ತಿದ್ದ. ಹೆಂಡತಿಗೆ ಜ್ವರ ಬಂದಾಗ ಒಂದು ಲೋಟ ಬಿಸಿನೀರು ಕೊಟ್ಟವನಲ್ಲ. ಅಂಥವನು ಹಕ್ಕಿ ಮಾರುತ್ತೇನೆಂದರೆ ಹೆಂಡತಿ ಇನ್ನೇನು ತಾನೇ ಹೇಳಿಯಾಳು? ಮನಸ್ಸು ಕರಗಿತು, ಬುದ್ಧಿಯೂ ಕರಗಿತು.

ಶಾಪಿಂಗ್ ಮಾಲಿನ ಮೂರನೇ ಮಹಡಿಯ ತುಂಬ ಹಳೇ ಫೋನುಗಳ ಅಂಗಡಿಗಳೇ. ಚೆಚೆ ಲಿಯಾನ್ ಎಂಬ ಚೀನೀ ಹೆಂಗಸಿನ ಗಾಜಿನ ಪೆಟ್ಟಿಗೆಯ ಮುಂದೆ ಸುಗೆಂಗ್ ಪರೀಕ್ಷಕನ ಗತ್ತಿನಲ್ಲಿ ನಿಂತ. ಫೋನನ್ನು ಬೆಳಕಿಗೆ ಹಿಡಿದ, ಅಂಚು ಸವರಿದ, ಕಿವಿಗೆ ಒತ್ತಿ ಅಲ್ಲಾಡಿಸಿದ. ಹಕ್ಕಿಯಾಗಿದ್ದರೆ ಬಾಲವೆತ್ತಿಯೂ ನೋಡುತ್ತಿದ್ದನೋ ಏನೋ.

"ಬ್ಯಾಟರಿ ಆರೋಗ್ಯ?"

"ನೂರಕ್ಕೆ ಎಂಬತ್ತಾರು ಪಾಕ್. ನಿಮ್ಮ ನನ್ನ ಆರೋಗ್ಯಕ್ಕಿಂತ ಚೆನ್ನಾಗಿದೆ." ಅಲ್ಲಿ ಗಂಡಸರಿಗೆ 'ಪಾಕ್', ಹೆಂಗಸರಿಗೆ 'ಬು' ಎನ್ನುವುದು ಮರ್ಯಾದೆಯ ಮಾತು.

"ಯಾರಾದ್ರೂ ಬಿಚ್ಚಿದ್ದಾರಾ?"

"ಬಿಚ್ಚಿಲ್ಲ. ಆದ್ರೆ ಒಂದು ವಿಷ್ಯ ಮೊದಲೇ ಹೇಳಿಬಿಡ್ತೀನಿ, ನಾಳೆ ಬಂದು ನನ್ನ ಜುಟ್ಟು ಹಿಡೀಬೇಡಿ," ಎಂದಳು ಚೆಚೆ ಲಿಯಾನ್. "ಇದು ಹೊರದೇಶದಿಂದ ಸುಂಕ ಕಟ್ಟದೇ ಬಂದ ಮಾಲು. ಸರ್ಕಾರದೋರು ಸಿಗ್ನಲ್ ಕಿತ್ತಿದಾರೆ. ಒಳಗೆ ಸಿಮ್ ಹಾಕಿದ್ರೂ ಒಂದೇ, ಹುಣಸೆ ಬೀಜ ಹಾಕಿದ್ರೂ ಒಂದೇ. ವೈಫೈ ಇದ್ರೆ ಜೀವ, ಇಲ್ದಿದ್ರೆ ಹೆಣ."

"ಅಂದ್ರೆ ಫೋನ್ ಮಾಡೋಕಾಗಲ್ವಾ?" ಪಲುಪಿ ಬಾಯಿಬಿಟ್ಟಳು.

"ಅದೊಂದು ಬಿಟ್ಟು ಬೇರೆಲ್ಲಾ ಆಗುತ್ತೆ ಬು."

ಪಲುಪಿ ಗಂಡನ ತೋಳು ಜಗ್ಗಿದಳು. ಸುಗೆಂಗನ ಮುಖ ಮಾತ್ರ ನಿಧಿ ಸಿಕ್ಕವನ ಹಾಗೆ ಅರಳಿತ್ತು. "ಅದಕ್ಕೇ ಅಲ್ವೇನೇ ಅರ್ಧ ರೇಟು! ನಿನ್ನ ಹಳೇ ಫೋನು ಬ್ಯಾಗಲ್ಲಿರುತ್ತೆ, ಅದರಿಂದ ಇದಕ್ಕೆ ಹಾಟ್‌ಸ್ಪಾಟ್ ಕೊಟ್ರಾಯ್ತು. ಯಾರಿಗೆ ಗೊತ್ತಾಗುತ್ತೆ?"

"ಒಂದು ಫೋನು ನಡೆಸೋಕೆ ಇನ್ನೊಂದು ಫೋನು ಹೊತ್ಕೊಂಡು ತಿರುಗಬೇಕಾ?"

"ದೊಡ್ಡೋರ ಹಿಂದೆ ಆಳು ಬರೋಲ್ವಾ? ಹಂಗೆ ಅನ್ಕೋ."

ಹೀಗೆ ಹಾಡುವ ಹಕ್ಕಿ ಹೋಗಿ ಹಾಡಲು ಬಾರದ ಸೇಬು ಮನೆಗೆ ಬಂತು. ಚೆಚೆ ಲಿಯಾನಳ ಮೇಲೆ ತಪ್ಪು ಹೊರಿಸಬೇಡಿ. ಪಾಪ, ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು.

ಮೊದಲೆರಡು ದಿನ ಪಲುಪಿಗೆ ಆ ಫೋನು ಕಂಡರೆ ಮೈ ಉರಿಯುತ್ತಿತ್ತು. ಆಮೇಲೆ ಒಂದು ತಮಾಷೆ ನಡೆಯಿತು. ತರಕಾರಿ ಗಾಡಿಯವನು ಅವಳ ಕೈಯಲ್ಲಿದ್ದ ಸೇಬು ನೋಡಿ ಚೌಕಾಸಿಗೆ ಮುಂಚೆಯೇ ಬೆಲೆ ಏರಿಸಿದ, ಆದರೆ ಮೊದಲ ಬಾರಿಗೆ 'ಬು' ಎಂದೂ ಕರೆದ. ಗಲ್ಲಿಯ ಕೊನೆಯ ಮನೆಯಾಕೆ, ವರ್ಷಗಟ್ಟಲೆ ಮುಖ ತಿರುವುತ್ತಿದ್ದವಳು, ನಿಂತು ಕ್ಷೇಮ ವಿಚಾರಿಸಿದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹಿರಿಯರು ನಕ್ಕರು ನಿಜ. ಆ ಮಲ್ಲಿಗೆಯ ವಾಸನೆ ಎಷ್ಟು ಹಿತವೆಂದು ಅವರು ಹೇಳಲಿಲ್ಲ. ನಾಲ್ಕನೇ ದಿನಕ್ಕೆ ಪಲುಪಿ ಫೋನನ್ನು ಬೋರಲು ಹಾಕಿ ಇಡುವುದನ್ನು ಕಲಿತಳು, ಬೆನ್ನ ಮೇಲಿನ ಸೇಬು ನಾಲ್ಕು ಜನಕ್ಕೆ ಕಾಣಲೆಂದು. ಕನ್ನಡಿಯ ಮುಂದೆ ಅದನ್ನು ಹಿಡಿದು ಹೇಗೆ ನಗಬೇಕೆಂದೂ ನೋಡಿಕೊಂಡಳು. ಗಂಡನನ್ನು ಬೈಯುವುದು ಕಡಿಮೆಯಾಯಿತು.

ಕೂಟಕ್ಕೆ ಒಂದು ವಾರವಿದ್ದಾಗ ಇಬ್ಬರೂ ಮಕ್ಕಳನ್ನು ಕಟ್ಟಿಕೊಂಡು ಬನ್ಯುವಾಂಗಿಗೆ, ಸುಗೆಂಗನ ತಾಯಿಯನ್ನು ನೋಡಲು ಹೋಗಿಬಂದರು. ಅದು ಜಾವಾದ ಪೂರ್ವದ ತುತ್ತತುದಿ. ಅಲ್ಲಿ ಸುಗೆಂಗ್, ತಾಯಿಗೆ ಫೋನಿನ ಪ್ರತಾಪ ತೋರಿಸಲೆಂದು, ನಮಾಜಿನ ಹೊತ್ತಿಗೆ ತಾನೇ ಅಜಾನ್ ಕೂಗುವ ಆ್ಯಪ್ ಹಾಕಿದ. ಊರು ಯಾವುದೆಂದು ಅದು ಕೇಳಿತು, ಇವನು ಬನ್ಯುವಾಂಗಿ ಎಂದು ಒತ್ತಿದ. ಮುದುಕಿ ಕೇಳಿ ಕಣ್ಣೊರೆಸಿಕೊಂಡಳು. ಸುರಬಾಯಾಕ್ಕೆ ಮರಳಿದ ಮೇಲೆ ಊರು ಬದಲಿಸಬೇಕೆಂದು ಆ ಪಂಡಿತನಿಗೆ ತೋಚಲಿಲ್ಲ. ಮನೆಯಲ್ಲಿ, ಅಜಾನಿಗೆ ಮುಂಚಿನಿಂದಲೇ ಶುರುವಾಗುವ ಗಲ್ಲಿಯ ಮಸೀದಿಯ ಮೈಕಿನ ಅಬ್ಬರಕ್ಕೆ, ಯಾವ ಫೋನು ಯಾವಾಗ ಕೂಗಿತೆಂದು ಯಾರೂ ಗಮನಿಸಲೂ ಇಲ್ಲ. ಪಲುಪಿ ಅಡುಗೆಮನೆಯಲ್ಲಿ ನಂಬಿಕೊಂಡಿದ್ದದ್ದು ತನ್ನ ಒಡಕಲು ಫೋನಿನ ಅಜಾನನ್ನೇ.

ಕೂಟದ ಸಂಜೆ ಬಂತು. ಹೋಟೆಲಿನ ಮೇಲಂತಸ್ತಿನ ಖಾಸಗಿ ಕೋಣೆ, ದಪ್ಪ ಗಾಜು, ದಪ್ಪ ಪರದೆ, ಕೊರೆಯುವ ಏಸಿ. ಶಾಲೆಯಲ್ಲಿ 'ಲೇ ಹರ್' ಎಂದು ಜಡೆ ಎಳೆಯುತ್ತಿದ್ದವರೆಲ್ಲ ಈಗ ಸಾಲಾಗಿ ಬಂದು "ಬು ಹರ್ಜಂತಿ, ಬು ಹರ್ಜಂತಿ" ಎಂದು ಕೈಹಿಡಿದು ಬಾಗುತ್ತಿದ್ದರು. ಪಲುಪಿಯೂ ಬಾಗಿದಳು. ಬಾಗುವಾಗ ಸೇಬು ಹೊರಗೆ ಕಾಣುವಂತೆ ಬಾಗಿದಳು.

"ಅರೇ! ಬೆಣ್ಣೆ ಪಲುಪಿ ಕೈಯಲ್ಲಿ ಸೇಬು!" ಎಂದಳು ಯಾಯುಕ್. ತರಗತಿಯಲ್ಲಿ ಯಾರ ಜೇಬಲ್ಲಿ ಏನಿದೆ ಎಂದು ಮೇಷ್ಟರಿಗಿಂತ ಮೊದಲು ತಿಳಿಯುತ್ತಿದ್ದವಳು ಅವಳು. "ಬಿಸ್ಕತ್ತಲ್ಲಿ ಇಷ್ಟೊಂದು ಬರುತ್ತೇನೇ?"

"ಹಳೇ ಮಾಡೆಲ್ಲು ಕಣೇ, ಅಂಥದ್ದೇನಿಲ್ಲ," ಎಂದಳು ಪಲುಪಿ, ಅಂಥದ್ದೇ ಇದೆ ಎಂದು ಕೇಳಿಸುವ ದನಿಯಲ್ಲಿ.

"ಹಳೇದಾದ್ರೂ ಗಟ್ಟಿ ಮಾಲು," ಎಂದಳು ಹರ್ಜಂತಿ. "ನನ್ನ ಮಗನಿಗೂ ಇದನ್ನೇ ಕೊಡಿಸಬಹುದಾ ಅಂತ ಯೋಚಿಸ್ತಿದೀನಿ. ಹೇಗಿದೆ? ಈಗಲೂ ತಗೋಬಹುದಾ?"

ಇದು ಇದ್ದದ್ದನ್ನು ಇದ್ದ ಹಾಗೆ ಹೇಳುವ ಜಾಗ. ಪಲುಪಿ ಬಾಯಿ ತೆರೆದಳು. "ಧಾರಾಳವಾಗಿ ತಗೋಬಹುದು ಬು. ಒಂದು ದಿನವೂ ತೊಂದ್ರೆ ಕೊಟ್ಟಿಲ್ಲ," ಎಂಬ ಮಾತು ಎಣ್ಣೆ ಹಚ್ಚಿದ ಹಾಗೆ ಜಾರಿ ಹೊರಬಂತು. ಉಪವಾಸದ ಬಾಯಿ ಬೇರೆ.

ಹರ್ಜಂತಿ ಅವಳನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. "ನೋಡು ಪಲುಪಿ, ರುಚಿ ಎಲ್ಲರೂ ಮಾಡ್ತಾರೆ. ನಂಗೆ ಬೇಕಾಗಿರೋದು ಮಾತು. ಬೆಣ್ಣೆ ಅಂದ್ರೆ ಬೆಣ್ಣೆ ಇರಬೇಕು. ನಿನ್ನ ವಿಷ್ಯದಲ್ಲಿ ಎಲ್ಲರೂ ಅದೇ ಹೇಳ್ತಾರೆ. ಊಟ ಆಗ್ಲಿ, ಆರ್ಡರ್ ಮಾತಾಡೋಣ." ಪಲುಪಿಗೆ ಕೂತ ಕುರ್ಚಿ ನೆಲ ಬಿಟ್ಟು ಒಂದು ಗೇಣು ಮೇಲೆದ್ದಂತಾಯಿತು.

ಆ ತರಗತಿಯವರಿಗೆ ಒಂದು ಪದ್ಧತಿಯಿತ್ತು. ಸೇರಿದಾಗ ಯಾರೂ ಫೋನು ತಿಕ್ಕುತ್ತ ಕೂರಬಾರದೆಂದು ಎಲ್ಲರ ಫೋನುಗಳನ್ನೂ ಆಫ್ ಮಾಡಿಸಿ ಬೆತ್ತದ ಬುಟ್ಟಿಗೆ ಹಾಕುವುದು, ಮೊದಲು ಕೈಹಾಕಿದವರಿಗೆ ದಂಡ. ಯಾಯುಕ್ ಬುಟ್ಟಿ ಹಿಡಿದು ಸುತ್ತು ಬಂದಳು.

"ಒಂದಾದ್ರೂ ಹೊರಗಿರಲಿ," ಎಂದ ಮುಖ್ಲಿಸ್. ಅವನು ತನ್ನ ಬಡಾವಣೆಯ ಮಸೀದಿ ಸಮಿತಿಯ ಖಜಾಂಚಿ, ಬಿಳಿ ಟೋಪಿ ತೆಗೆಯದವನು. "ಈ ಗಾಜಿನ ಡಬ್ಬಿ ಒಳಗೆ ಅಜಾನ್ ಕೇಳಿಸಲ್ಲ. ರೋಜಾ ಬಿಡೋ ಹೊತ್ತು ಹೇಗೆ ಗೊತ್ತಾಗಬೇಕು?"

"ಪಲುಪಿದು ಇರಲಿ," ಎಂದಳು ಹರ್ಜಂತಿ. "ಅಜಾನ್ ಹಾಕಿದೀಯಾ ಅದಕ್ಕೆ?"

"ಹಾಕಿದೀನಿ," ಎಂದಳು ಪಲುಪಿ. ಸೇಬು ಮೇಜಿನ ನಟ್ಟನಡುವೆ, ಖರ್ಜೂರದ ತಟ್ಟೆಗೆ ಒರಗಿಕೊಂಡು ಕೂತಿತು. ಬುಟ್ಟಿಯ ನಿಯಮದಂತೆ ಹಾಕಬೇಕಾಗಿದ್ದ ಇನ್ನೊಂದು ಫೋನು ಅವಳ ಬ್ಯಾಗಿನ ತಳದಲ್ಲಿ, ಕರವಸ್ತ್ರದಡಿ ಬೆಚ್ಚಗಿತ್ತು. ಅದು ಹಾಟ್‌ಸ್ಪಾಟು ಕೊಡಬೇಕಲ್ಲ.

ಲೋಟಗಳಿಗೆ ಹಣ್ಣಿನ ಶರಬತ್ತು ಬಿತ್ತು. ಎಲ್ಲರ ಕಣ್ಣೂ ಆ ಫೋನಿನ ಮೇಲೆ. ಶಾಲೆಯಲ್ಲಿ ಗಂಟೆ ಹೊಡೆಯುವುದನ್ನು ಹೀಗೇ ಕಾಯುತ್ತಿದ್ದರು. ಅಷ್ಟರಲ್ಲಿ ಸೇಬು ಬಾಯ್ಬಿಟ್ಟಿತು, ಗಂಭೀರವಾದ, ಮಧುರವಾದ ಅಜಾನ್ ಕೋಣೆ ತುಂಬಿತು.

"ಆಹಾ, ಏನು ದನಿ!" ಎಂದಳು ಯಾಯುಕ್. "ದುಡ್ಡಿಗೆ ತಕ್ಕ ಹಾಗಿದೆ!"

ಪಲುಪಿ ಮಾತ್ರ ಬೆಚ್ಚಿದಳು. ಅವಳ ತೊಡೆಯ ಮೇಲಿದ್ದ ಬ್ಯಾಗು ಸುಮ್ಮನಿತ್ತು. ಒಡಕಲು ಫೋನು ವರ್ಷಗಳಿಂದ ಒಂದು ದಿನವೂ ಹೊತ್ತು ತಪ್ಪಿದ್ದಲ್ಲ. ಪರದೆಯ ಸಂದಿನಿಂದ ನೋಡಿದರೆ ಆಕಾಶದಲ್ಲಿ ಇನ್ನೂ ಬೆಳಕಿತ್ತು. ಆಗ ಹೊಳೆಯಿತು. ಬನ್ಯುವಾಂಗಿ! ಆ ಪೂರ್ವದ ಮೂಲೆಯಲ್ಲಿ ಸೂರ್ಯ ಸುರಬಾಯಾಕ್ಕಿಂತ ಮೊದಲು ಮುಳುಗುತ್ತಾನೆ. ಈ ಫೋನು ಅತ್ತೆಯ ಊರಿನ ಹೊತ್ತು ಕೂಗುತ್ತಿದೆ.

'ತಡೀರಿ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ತಡೀರಿ ಎಂದರೆ ಯಾಕೆ ಎನ್ನುತ್ತಾರೆ. ನನ್ನ ಇನ್ನೊಂದು ಫೋನು ಕೂಗಿಲ್ಲ ಎನ್ನಬೇಕು. ಇನ್ನೊಂದು ಯಾಕೆ ಎನ್ನುತ್ತಾರೆ. ಇದಕ್ಕೆ ಸಿಗ್ನಲ್ ಇಲ್ಲ ಎನ್ನಬೇಕು, ಅದೂ ಈಗಷ್ಟೇ ಹರ್ಜಂತಿಯ ಮಗನಿಗೆ ಇದನ್ನೇ ಕೊಡಿಸಿ ಎಂದ ಬಾಯಲ್ಲಿ. ಪಲುಪಿ ಯೋಚಿಸುತ್ತಿದ್ದಂತೆಯೇ ಮುಖ್ಲಿಸ್ ದುವಾ ಹೇಳಿ ಖರ್ಜೂರ ಬಾಯಿಗಿಟ್ಟ. ಯಾಯುಕ್ ಗಟಗಟ ಕುಡಿದಳು. ಮೇಜಿನ ಸುತ್ತಲಿನ ಅಷ್ಟೂ ಗಂಟಲುಗಳು ಮೇಲೆ ಕೆಳಗೆ ಆಡಿದವು.

"ಏನೇ ನೋಡ್ತಾ ಕೂತೆ, ತಿನ್ನು," ಎಂದು ಹರ್ಜಂತಿ ಖರ್ಜೂರವೊಂದನ್ನು ಅವಳ ಕೈಗಿತ್ತಳು.

ಮಿಕ್ಕವರೆಲ್ಲ ತಿಳಿಯದೆ ತಿಂದರು. ಪಲುಪಿ ತಿಳಿದೂ ತಿಂದಳು. ನಸುಕಿನಿಂದ ಕಾಪಾಡಿಕೊಂಡು ಬಂದಿದ್ದ ಉಪವಾಸವನ್ನು, ದೇವರು ನೋಡುತ್ತಿದ್ದಾನೆಂದು ಗೊತ್ತಿದ್ದೂ, ಒಂದು ಕಚ್ಚಿದ ಸೇಬಿನ ಮಾನ ಉಳಿಸಲು ಮುರಿದಳು. ಖರ್ಜೂರದ ಮೇಲೆ ನೀರೂ ಕುಡಿದಳು. ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು.

ಅರ್ಧ ಲೋಟ ಶರಬತ್ತು, ಎರಡೆರಡು ಕರಿದ ತೋಫು ಒಳಗಾಗುವಷ್ಟರಲ್ಲಿ ಹೋಟೆಲಿನವನು ಸೂಪಿನ ಪಾತ್ರೆ ಹಿಡಿದು ಬಾಗಿಲು ತೆರೆದ. ಅವನ ಹಿಂದೆಯೇ ಮಸೀದಿಯ ಅಜಾನ್ ಒಳಗೆ ಬಂತು. ಒಂದು ಮಸೀದಿಯದಲ್ಲ, ಊರಿನ ಅಷ್ಟೂ ಮಸೀದಿಗಳದು.

ಬಾಯಿಗಳು ಅಗಿಯುವುದನ್ನು ನಿಲ್ಲಿಸಿದವು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇವತ್ತು ಮಸೀದಿಯೋರು ತಡ ಮಾಡಿದ್ರು," ಎಂದಳು ಹರ್ಜಂತಿ ಮೆಲ್ಲಗೆ.

"ಹೌದೌದು, ತಡ," ಎಂದಳು ಯಾಯುಕ್.

"ಮಸೀದಿ ಗಡಿಯಾರಗಳೆಲ್ಲ ಹಳೇವು," ಎಂದ ಖಜಾಂಚಿ ಮುಖ್ಲಿಸ್, ಗಡ್ಡಕ್ಕೆ ಹತ್ತಿದ ಶರಬತ್ತು ಒರೆಸಿಕೊಳ್ಳುತ್ತ. "ಬೆಲೆ ಬಾಳೋ ಫೋನು ತಪ್ಪು ಹೇಳುತ್ತಾ?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಓದಿದ, ಬರೆದ, ಯಾತ್ರೆ ಮಾಡಿಬಂದ ಅಷ್ಟೂ ಜನ ಸೇರಿ ಸೂರ್ಯನೇ ಡೊಂಕು ಎಂದು ತೀರ್ಮಾನ ಮಾಡಿದರು. ಎಲ್ಲರಿಗೂ ಸಮಾಧಾನವಾಯಿತು. ಪಲುಪಿಗೂ ಉಸಿರು ಬಂತು. ಬರಬಾರದಿತ್ತು, ಬಂತು. ಅಷ್ಟರಲ್ಲಿ ಅವಳ ತೊಡೆಯ ಮೇಲಿನ ಬ್ಯಾಗು ಅಜಾನ್ ಕೂಗಲು ಶುರುಮಾಡಿತು.

ಒಡಕಲು ಫೋನಿನ ಸ್ಪೀಕರೂ ಒಡಕಲು. ಕೆಮ್ಮುತ್ತ, ಗೊರಗೊರ ಎನ್ನುತ್ತ, ಹೊರಗಿನ ಮಸೀದಿಗಳ ಜೊತೆ ಸಮಸಮನಾಗಿ ಕೂಗಿತು. ಪಲುಪಿ ಬ್ಯಾಗಿನೊಳಗೆ ಕೈತುರುಕಿ ಕರವಸ್ತ್ರ ಒತ್ತಿದಳು. ದನಿ ಉಸಿರುಗಟ್ಟಿದಂತಾಯಿತೇ ಹೊರತು ನಿಲ್ಲಲಿಲ್ಲ.

"ಬುಟ್ಟಿಗೆ ಹಾಕದೆ ಇನ್ನೊಂದು ಬಚ್ಚಿಟ್ಟಿದೀಯಾ?" ಯಾಯುಕ್ ಕೈಚಾಚಿ ಎಳೆದೇ ಬಿಟ್ಟಳು. ಬಿರುಕು ಬಿಟ್ಟ ಗಾಜು, ರಬ್ಬರ್‌ಬ್ಯಾಂಡ್ ಸುತ್ತಿದ ಬೆನ್ನು. ಪರದೆಯ ಮೇಲೆ ಹಾಟ್‌ಸ್ಪಾಟಿನ ಗುರುತು. ಅವಳು ಒಮ್ಮೆ ಅದನ್ನು, ಒಮ್ಮೆ ಸೇಬನ್ನು ನೋಡಿ ಕಿಸಕ್ಕನೆ ನಕ್ಕಳು. "ಅಯ್ಯಯ್ಯೋ! ಇದು ಸಿಗ್ನಲ್ ಕಿತ್ತ ಮಾಲು! ನಮ್ಮ ಭಾವನೂ ಹಿಂಗೇ ಎರಡು ಹೊತ್ಕೊಂಡು ತಿರುಗ್ತಾನೆ!"

ಎಲ್ಲರೂ ನಕ್ಕರು. ಹರ್ಜಂತಿ ನಗಲಿಲ್ಲ.

"ಹಾಗಾದ್ರೆ ಮೊದಲು ಕೂಗಿದ್ದು ತಪ್ಪು," ಎಂದಳು. "ನಿಂಗೆ ಗೊತ್ತಿತ್ತಾ?"

ಇನ್ನೊಂದು ಸುಳ್ಳು ಸಿದ್ಧವಾಗಿಯೇ ಇತ್ತು. ಪಲುಪಿಗೆ ಅದನ್ನು ಹೇಳುವ ಶಕ್ತಿ ಇರಲಿಲ್ಲ. "ಕೂಗಿದ ಕೂಡ್ಲೇ ಗೊತ್ತಾಯ್ತು ಬು."

"ಗೊತ್ತಿದ್ದೂ ನಮ್ಮೆಲ್ಲರ ರೋಜಾ ಮುರಿಸಿದ್ಯಾ?" ಎಂದು ಗರ್ಜಿಸಿದ ಮುಖ್ಲಿಸ್. ಮಸೀದಿಯ ಗಡಿಯಾರ ಅವನ ಪಾಲಿಗೆ ಅಷ್ಟು ಬೇಗ ರಿಪೇರಿಯಾಗಿತ್ತು. "ಅಲ್ಲಾಹುವಿಗೇನು ಉತ್ತರ ಕೊಡ್ತೀಯಾ?"

"ನಾನೂ ತಿಂದೆ," ಎಂದಳು ಪಲುಪಿ. ಅವಳಿಗೆ ಅಳು ಬಂತು. "ತಪ್ಪಾಯ್ತು. ಮಾನಕ್ಕೆ ಅಂಜಿ ಸುಮ್ಮನಿದ್ದೆ."

ಹರ್ಜಂತಿ ಮೇಜಿನ ನಡುವಿನ ಸೇಬನ್ನು ಎರಡು ಬೆರಳಲ್ಲಿ ಎತ್ತಿ ಪಲುಪಿಯ ತಟ್ಟೆಯ ಪಕ್ಕ ಇಟ್ಟಳು. "ನನ್ನ ಮಗನಿಗೆ ಕೊಡಿಸು ಅಂದ್ಯಲ್ಲೇ. ಒಂದು ದಿನವೂ ತೊಂದ್ರೆ ಕೊಟ್ಟಿಲ್ಲ ಅಂದೆ. ಹಾಗಾದ್ರೆ ನಿನ್ನ ಬೆಣ್ಣೆ ಹೇಗೆ? ಅದೂ ಇದೇ ಥರಾನಾ?"

ಪಲುಪಿಗೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ಬೇರೆ ಏನು ಬೇಕಾದರೂ ಅಂದಿದ್ದರೆ ತಡೆದುಕೊಳ್ಳುತ್ತಿದ್ದಳು. ಚೀಲದಿಂದ ಮಾದರಿಯ ಡಬ್ಬಿ ತೆಗೆದಳು. ಮುಚ್ಚಳ ಬಿಚ್ಚಿ ಹರ್ಜಂತಿಯ ಮುಂದಿಟ್ಟಳು. "ಬೆಣ್ಣೆ ಅಪ್ಪಟ, ಬು. ದೇವರಾಣೆ. ನನ್ನ ಮಕ್ಕಳಾಣೆ. ತಿಂದು ನೋಡಿ, ನಿಮಗೇ ಗೊತ್ತಾಗುತ್ತೆ."

ಹರ್ಜಂತಿ ಒಂದು ನಸ್ತಾರ್ ತೆಗೆದುಕೊಂಡು ಕಚ್ಚಿದಳು. ನಿಧಾನವಾಗಿ ಅಗಿದಳು. ಬೆಣ್ಣೆ ನಾಲಿಗೆಯ ಮೇಲೆ ಕರಗಿದ್ದು ಅವಳ ಮುಖದಲ್ಲೇ ಕಂಡಿತು.

"ತುಂಬಾ ಚೆನ್ನಾಗಿದೆ," ಎಂದಳು ಹರ್ಜಂತಿ, ತುಟಿ ಒರೆಸಿಕೊಂಡು. "ಹೋದ ವರ್ಷದ್ದೂ ಚೆನ್ನಾಗೇ ಇತ್ತು. ಅವಳೂ ಮಕ್ಕಳಾಣೆ ಇಟ್ಟಿದ್ಲು."

ಅವಳು ಡಬ್ಬಿಯನ್ನು ಯಾಯುಕಳ ಕಡೆ ಸರಿಸಿದಳು. ಡಬ್ಬಿ ಮೇಜಿನ ಸುತ್ತ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಒಂದೊಂದು ತೆಗೆದುಕೊಂಡರು, ಮುಖ್ಲಿಸ್ ಎರಡು ತೆಗೆದುಕೊಂಡ. ಚಪ್ಪರಿಸಿ ತಿಂದರು, ಆಮೇಲೆ ಹಬ್ಬಕ್ಕೆ ಯಾರ್ಯಾರು ಯಾವ ಊರಿಗೆ ಹೋಗುತ್ತಾರೆಂದು ಮಾತಾಡತೊಡಗಿದರು. ಡಬ್ಬಿ ಪಲುಪಿಯ ಮುಂದೆ ಮರಳಿ ಬಂದಾಗ ಅದರಲ್ಲಿ ಪುಡಿ ಮಾತ್ರ ಉಳಿದಿತ್ತು, ಅಪ್ಪಟ ಬೆಣ್ಣೆಯ ಪುಡಿ.